ಕುಮಟೆಯ ಹತ್ತಿ, ಕಾರವಾರದ ಕಥೆ

1883ನೆಯ ಇಸವಿ ಕಾರವಾರಕ್ಕೆ ಸಂಬಂಧಿಸಿದ ಎರಡು ಸಾಕ್ಷ್ಯಗಳನ್ನು ಬಿಟ್ಟುಹೋಗಿದೆ. ಮೊದಲನೆಯದು ಆ ವರ್ಷ ಅಚ್ಚಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಹದಿನೈದನೆಯ ಸಂಪುಟ. ಕೆನರಾ ಜಿಲ್ಲೆಗೆ ಮೀಸಲಾದ ಆ ಸಂಪುಟದಲ್ಲಿ ಬಂದರು, ದೀಪಸ್ತಂಭ, ಘಟ್ಟದ ದಾರಿ, ಸುಂಕ, ಆಮದು-ರಫ್ತುಗಳ ವಿವರ ಸರಕಾರಿ ಶಿಸ್ತಿನಲ್ಲಿ ಸಾಲುಗಟ್ಟಿ ನಿಂತಿದೆ. ಎರಡನೆಯದು ಒಬ್ಬ ಕವಿಯ ನೆನಪು. ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥ ಠಾಕೂರರ ಬಳಿಗೆ ಅದೇ ವರ್ಷ ಇಪ್ಪತ್ತೆರಡರ ಹರೆಯದ ರವೀಂದ್ರನಾಥರು ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟ್ಯಕಾವ್ಯ ರಚಿತವಾದದ್ದು ಆಗಲೇ. ಮುಂದೆ 'ಜೀವನಸ್ಮೃತಿ'ಯಲ್ಲಿ ಆ ದಿನಗಳನ್ನು ನೆನೆಯುವಾಗ, ಬೆಟ್ಟಗಳು ಸುತ್ತುವರಿದ ಆ ಊರು ಎಷ್ಟು ಏಕಾಂತವಾಗಿತ್ತೆಂದರೆ ಅದಕ್ಕೆ ಬಂದರಿನ ಚಹರೆಯೇ ಇರಲಿಲ್ಲವೆಂಬ ಅರ್ಥದ ಮಾತನ್ನು ಅವರು ಆಡುತ್ತಾರೆ.

ಕನ್ನಡದ ಸಂಶೋಧಕರು ಈ ಎರಡನ್ನೂ ಬಲ್ಲರು. ಆದರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದವರು ವಿರಳ. ಗೆಜೆಟಿಯರು ಇತಿಹಾಸದ ಅಧ್ಯಾಯಕ್ಕೆ ಆಧಾರವಾಗುತ್ತದೆ; ಠಾಕೂರರ ಮಾತು ಮುನ್ನುಡಿಗೆ ಅಲಂಕಾರವಾಗುತ್ತದೆ. ಇಂಗ್ಲೆಂಡಿನ ಗಿರಣಿಗಳಿಗಾಗಿ ಯೋಜಿತವಾದ ಮಹಾಬಂದರು ಇಪ್ಪತ್ತು ವರ್ಷಗಳ ಅನಂತರವೂ ಕಣ್ಣುಳ್ಳ ತರುಣನೊಬ್ಬನಿಗೆ ಬಂದರಿನಂತೆ ತೋರಲಿಲ್ಲವೆಂದರೆ ಅದರ ಅರ್ಥವೇನು ಎಂಬ ಪ್ರಶ್ನೆಯನ್ನು ನಮ್ಮ ಪ್ರಬಂಧಗಳು ಕೇಳಿಕೊಂಡಿಲ್ಲ. ಕೇಳಿಕೊಂಡಿದ್ದರೆ ಉತ್ತರ ಕನ್ನಡದ ಕಡಲ ವ್ಯಾಪಾರದ ಬಗ್ಗೆ ಅರ್ಧ ಶತಮಾನದಿಂದ ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ದಾಟಿಬಂದಿರುವ ಕಥೆ ಇಷ್ಟು ನಿರಾತಂಕವಾಗಿ ಉಳಿಯುತ್ತಿರಲಿಲ್ಲ.

ಆ ಕಥೆಗೆ ಮೂರು ಅಂಕಗಳು. ಮೊದಲ ಅಂಕದಲ್ಲಿ ಕಾರವಾರ ಒಂದು ಮೀನುಗಾರರ ಹಳ್ಳಿ. ಎರಡನೆಯದರಲ್ಲಿ ಬ್ರಿಟಿಷರು ಅದರ ಸಹಜ ಬಂದರನ್ನು ಗುರುತಿಸುತ್ತಾರೆ, ಉಗಿಹಡಗುಗಳು ಬರುತ್ತವೆ, ಊರು ಏಳುತ್ತದೆ. ಮೂರನೆಯದರಲ್ಲಿ ಪೋರ್ಚುಗೀಸರ ಮುರ್ಮಗೋವಾಕ್ಕೆ ರೈಲು ಹೋಗುತ್ತದೆ, ಕಾರವಾರ ಬೀಳುತ್ತದೆ. ಏಳಿಗೆ ಉಗಿಯಿಂದ, ಅವನತಿ ರೈಲಿನಿಂದ. ಸ್ಥಳೀಯ ಇತಿಹಾಸದ ಪುಸ್ತಿಕೆಗಳು, ಸ್ಮರಣ ಸಂಚಿಕೆಗಳು, ಪದವಿಗಾಗಿ ಬರೆದ ಪ್ರಬಂಧಗಳು, ಕೊನೆಗೆ ರಾಜಕಾರಣಿಗಳ ಭಾಷಣಗಳು ಕೂಡ ಇದನ್ನೇ ಹೇಳುತ್ತವೆ. ಓದಲು ಹಿತವಾದ, ದುಃಖಾಂತದ ಗಾಂಭೀರ್ಯವುಳ್ಳ ಕಥೆ ಇದು. ಆದರೆ ಇದು ಬಂದರಿನ ಇತಿಹಾಸವಲ್ಲ. ಬಂದರು ಕಟ್ಟಲು ಹೊರಟ ಇಲಾಖೆಯೊಂದರ ಕಡತದ ಇತಿಹಾಸ. ಹತ್ತಿಯನ್ನು ನಿಜವಾಗಿ ಹೊತ್ತ ಊರು, ಹೊತ್ತ ಜನ, ಹೊತ್ತ ಹಡಗು ಇವು ಮೂರೂ ಈ ಕಥೆಯಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಬಂದರಿನ ಯೋಜನೆ ಕನ್ನಡ ನಾಡಿಗೆ ಮಾಡಿದ ನಿಜವಾದ ಕೆಲಸ ಯಾವುದೋ ಅದೂ ಇಲ್ಲ.

ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲ. ಹತ್ತಿಯ ಹೆಸರೇ ಸಾಕು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ದೇಶೀ ತಳಿಯನ್ನು ಅಲ್ಲಿಯ ರೈತರು ಜವಾರಿ ಹತ್ತಿ ಎಂದು ಕರೆದರು. ನ್ಯೂ ಆರ್ಲಿಯನ್ಸಿನಿಂದ ಬೀಜ ತರಿಸಿ 1840ರ ದಶಕದಿಂದ ಹಬ್ಬಿಸಿದ ತಳಿಗೆ ವಿಲಾಯತಿ ಹತ್ತಿ ಎಂದರು. ಮಾರುಕಟ್ಟೆಯಲ್ಲಿ ಅದು 'ಧಾರವಾಡ-ಅಮೆರಿಕನ್' ಆಯಿತು. ಜವಾರಿ ಹತ್ತಿಗೆ ಮುಂಬಯಿಯ ದಲ್ಲಾಳಿಗಳೂ ಲಿವರ್‌ಪೂಲಿನ ವರ್ತಕರೂ ಇಟ್ಟ ಹೆಸರು ಯಾವುದು? 'ಕುಮಟಾ'. ಧಾರವಾಡದಲ್ಲಿ ಬೆಳೆದ ಹತ್ತಿಗೆ ಘಟ್ಟದ ಕೆಳಗಿನ ಊರೊಂದರ ಹೆಸರು ಬಂದುದಕ್ಕೆ ಕಾರಣ ಒಂದೇ: ಅದು ಸಮುದ್ರಕ್ಕೆ ಇಳಿಯುತ್ತಿದ್ದ ಬಾಗಿಲು ಕುಮಟೆಯಾಗಿತ್ತು. ವ್ಯಾಪಾರಿ ಲೋಕ ಸರಕಿಗೆ ಹೆಸರಿಡುವಾಗ ಯಾರ ಯೋಜನೆಯನ್ನೂ ಗೌರವಿಸುವುದಿಲ್ಲ. ಸರಕು ಬಂದ ದಾರಿಯನ್ನು ಮಾತ್ರ ಗುರುತಿಸುತ್ತದೆ. 'ಕಾರವಾರ ಹತ್ತಿ' ಎಂಬ ಹೆಸರು ಚಲಾವಣೆಗೆ ಬರಲೇ ಇಲ್ಲ. ಇಷ್ಟು ದೊಡ್ಡ ಸಾಕ್ಷ್ಯ ಸರಕಿನ ಮೈಮೇಲೆಯೇ ಬರೆದಿರುವಾಗ ಕಾರವಾರವನ್ನು ನಾಯಕನನ್ನಾಗಿಸಿ ಹತ್ತಿಯ ಕಥೆ ಹೇಳುವುದು ಹೇಗೆ ಸಾಧ್ಯವಾಯಿತು?

ಕುಮಟೆ ಒಳ್ಳೆಯ ಬಂದರೇನೂ ಅಲ್ಲ. ದೊಡ್ಡ ಹಡಗು ಒಳಬಂದು ನಿಲ್ಲುವ ಆಳವಾಗಲೀ ಗಾಳಿಗೆ ಮರೆಯಾದ ಕೊಲ್ಲಿಯಾಗಲೀ ಅದಕ್ಕಿಲ್ಲ. ಮಳೆಗಾಲದಲ್ಲಿ ಇಡೀ ಕರಾವಳಿಯಂತೆ ಅದೂ ಮುಚ್ಚುತ್ತಿತ್ತು. ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಬಳಿಕವೇ ಹಾಯಿ ಏರುತ್ತಿತ್ತು. ಆದರೂ ಹತ್ತಿ ಅಲ್ಲಿಗೇ ಬಂತು. ಏಕೆಂದರೆ ಬಂದರು ಎಂಬುದು ನೀರಿನ ಆಳದಿಂದ ಮಾತ್ರ ಆಗುವಂಥದಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ದಾರಿ, ದಾರಿಯುದ್ದಕ್ಕೂ ಎತ್ತಿಗೆ ಮೇವು-ನೀರು ಸಿಗುವ ತಂಗುದಾಣ, ಗುರುತಿನ ದಲ್ಲಾಳಿ, ಮುಂಗಡ ಕೊಡುವ ಸಾಹುಕಾರ, ಇಳಿಸಿದ ಮೂಟೆಗೆ ನೆರಳಾಗುವ ವಖಾರಿ, ಮುಂಬಯಿಗೆ ಒಯ್ಯುವ ಪತ್ತೆಮಾರಿ ಇಷ್ಟೂ ಸೇರಿದಾಗ ಬಂದರು. ಇನ್ನೊಂದು ಸಂಗತಿಯನ್ನು ಗಾಡಿ ಹೊಡೆಯುವವನು ಮಾತ್ರ ಬಲ್ಲ: ಇಳಿಯುವಾಗ ಹೇರು ಇದ್ದರೆ ಸಾಲದು, ಏರುವಾಗಲೂ ಹೇರು ಬೇಕು. ಕುಮಟೆಯ ನೆರೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿದ್ದವು, ತೆಂಗಿನ ತೋಟಗಳಿದ್ದವು. ಹತ್ತಿ ಇಳಿಸಿದ ಗಾಡಿ ಉಪ್ಪು-ಕಾಯಿ ಏರಿಸಿಕೊಂಡು ಬಯಲುಸೀಮೆಗೆ ಮರಳಬಹುದಿತ್ತು. ನಕ್ಷೆಯ ಮುಂದೆ ಕುಳಿತ ಇಂಜಿನಿಯರನ ಲೆಕ್ಕದಲ್ಲಿ ಹಡಗಿನ ಅನುಕೂಲವಿತ್ತು, ಬರಿಗಾಡಿಯ ನಷ್ಟವಿರಲಿಲ್ಲ.

ಕಾರವಾರದ ಯೋಜನೆ ಹುಟ್ಟಿದ್ದು ಆ ನಕ್ಷೆಯಲ್ಲಿ. ಮ್ಯಾಂಚೆಸ್ಟರಿನ ಗಿರಣಿ ಒಡೆಯರು ಅಮೆರಿಕದ ಗುಲಾಮರು ಬೆಳೆದ ಹತ್ತಿಯ ಮೇಲಿನ ಅವಲಂಬನೆಗೆ ಅಂಜಿ 1857ರಲ್ಲಿ ಹತ್ತಿ ಪೂರೈಕೆಯ ಸಂಘವೊಂದನ್ನು ಕಟ್ಟಿಕೊಂಡರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಆ ಅಂಜಿಕೆ ನಿಜವಾಯಿತು. ಧಾರವಾಡದ ಹತ್ತಿ ಮುಂಬಯಿಯ ಕೈಗೆ ಸಿಕ್ಕದೆ ನೇರವಾಗಿ ಲಂಕಾಶೈರಿಗೆ ಬರಬೇಕು, ಮಳೆಗಾಲದಲ್ಲೂ ತೆರೆದಿರುವ ಬಂದರು ಬೇಕು, ಕಾಳಿ ನದಿಯ ಮುಖದ ಕೊಲ್ಲಿ ಅದಕ್ಕೆ ತಕ್ಕದ್ದು ಎಂದು ಅವರು ಸರಕಾರದ ಬೆನ್ನು ಹತ್ತಿದರು. ಅವರ ಕಾಗದಪತ್ರಗಳಲ್ಲಿ ಅದರ ಹೆಸರು ಹೆಚ್ಚಾಗಿ ನದಿಯ ಆಚೆ ದಂಡೆಯ ಕೋಟೆಯದು, ಸದಾಶಿವಗಡ. ಒಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದ್ದು. ಕರಾವಳಿಯ ಕೆನರಾ 1799ರಿಂದ ಮದರಾಸಿನದು. ಎರಡು ಸರಕಾರಗಳು ಒಂದೇ ದಾರಿಗೆ ಹಣ ಹಾಕಲಾರವು. ಆದ್ದರಿಂದ 1862ರಲ್ಲಿ, ಆಡಳಿತದ ಅನುಕೂಲಕ್ಕಾಗಿ ಆಗಲೇ ಎರಡಾಗಿದ್ದ ಕೆನರಾದ ಉತ್ತರ ಭಾಗವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಲಾಯಿತು. ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿದು ದಕ್ಷಿಣ ಕೆನರಾಕ್ಕೆ ಸೇರಿತು. ಜಿಲ್ಲೆಯ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು.

ಈ ಘಟನೆಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಒಂದು ಅಡಿಟಿಪ್ಪಣಿಯಾಗಿಯೂ ಕಾಣುವುದಿಲ್ಲ. ಕನ್ನಡ ನಾಡು ಹರಿದು ಹಂಚಿಹೋದುದನ್ನು ಹೇಳುವವರೆಲ್ಲ ಟಿಪ್ಪುವಿನ ಪತನದ 1799ನ್ನು ಹೇಳುತ್ತಾರೆ. 1862ನ್ನು ಹೇಳುವವರಿಲ್ಲ. ಯುದ್ಧವಿಲ್ಲದೆ, ರಾಜವಂಶದ ಪತನವಿಲ್ಲದೆ, ಹತ್ತಿಯ ಗಾಡಿಗೆ ದಾರಿ ಮಾಡಿಕೊಡಲು ಕನ್ನಡ ಕರಾವಳಿಯ ನಡುವೆ ಗೆರೆ ಎಳೆದ ವರ್ಷ ಅದು. ಆ ಗೆರೆ 1956ರವರೆಗೆ, ತೊಂಬತ್ತನಾಲ್ಕು ವರ್ಷ ಉಳಿಯಿತು. ಭಟ್ಕಳದ ಮಗು ಮುಂಬಯಿ ಸರಕಾರದ ಪಠ್ಯ ಓದಿತು. ಅಲ್ಲಿಂದ ಕೂಗಳತೆಯಲ್ಲಿದ್ದ ಬೈಂದೂರಿನ ಮಗು ಮದರಾಸಿನದನ್ನು ಓದಿತು. ಉತ್ತರದ ಬರಹಗಾರರು ಧಾರವಾಡ-ಮುಂಬಯಿಗಳತ್ತ, ದಕ್ಷಿಣದವರು ಮಂಗಳೂರು-ಮದರಾಸುಗಳತ್ತ ಮುಖಮಾಡಿ ಬೆಳೆದರು. ಘಟ್ಟದ ಮೇಲಿನ ಧಾರವಾಡದೊಡನೆ ಒಂದಾದುದರಿಂದ ಉತ್ತರ ಕನ್ನಡಕ್ಕೆ ಲಾಭವೂ ಆಯಿತೆಂಬುದು ನಿಜ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಳಗಕ್ಕೆ ಕರಾವಳಿಯ ಹಾದಿ ಹತ್ತಿರವಾಯಿತು. ಲಾಭ-ನಷ್ಟ ಎರಡನ್ನೂ ತೂಗಬೇಕಾದರೆ ಮೊದಲು ಗೆರೆಯನ್ನು ಕಾಣಬೇಕು. 'ದಕ್ಷಿಣ ಕನ್ನಡದ ಸಾಹಿತ್ಯ', 'ಉತ್ತರ ಕನ್ನಡದ ಸಾಹಿತ್ಯ' ಎಂದು ಸಂಪುಟಗಳನ್ನು ವಿಂಗಡಿಸುವವರು ಆ ವಿಂಗಡಣೆ ಪ್ರಕೃತಿದತ್ತವೆಂಬಂತೆ ಬರೆಯುತ್ತಾರೆ. ಅದನ್ನು ಭದ್ರಪಡಿಸಿದ್ದು ಒಂದು ಬಂದರಿನ ಅರ್ಜಿ.

ಆ ಅರ್ಜಿಯ ಗತಿ ಏನಾಯಿತು? ಅದೇ ಉದ್ದೇಶಕ್ಕೆ ರೂಪುಗೊಂಡ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನು ಕಳಿಸಿತು. ಇಳಿಸಲು ಧಕ್ಕೆಯಿಲ್ಲ, ಸಾಗಿಸಲು ದಾರಿಯಿಲ್ಲ. ಭಾರತ ಮಂತ್ರಿ ಚಾರ್ಲ್ಸ್ ವುಡ್, ಮದರಾಸಿನ ಗವರ್ನರ್ ಡೆನಿಸನ್, ಮುಂಬಯಿಯ ಗವರ್ನರ್ ಫ್ರೀರ್ ಇವರ ಕಾಲದಲ್ಲಿ ತಡವಾದುದು ಯಾರ ತಪ್ಪಿನಿಂದ ಎಂಬ ಪತ್ರವ್ಯವಹಾರ ಬೆಳೆಯಿತು. 1864ರಲ್ಲಿ ಕೊಲ್ಲಿಯ ಹೊರಗಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು. ಕೈಗಾ ಘಟ್ಟ, ಅರಬೈಲು ಘಟ್ಟಗಳಲ್ಲಿ ದಾರಿ ಕಡಿಯುವ ಕೆಲಸ ನಡೆಯಿತು. ಅಷ್ಟರಲ್ಲಿ 1865ರ ಬೇಸಗೆಯಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಮ್ಯಾಂಚೆಸ್ಟರಿನ ಉತ್ಸಾಹವೂ ಇಳಿಯಿತು. ಗೆರೆ ಮಾತ್ರ ಅಳಿಯಲಿಲ್ಲ.

ಇಲ್ಲಿ ಕಥೆಯ ಸಮರ್ಥಕರು ಎತ್ತಬಹುದಾದ ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಕಾರವಾರದ ಕೊಲ್ಲಿ ಪಶ್ಚಿಮ ಕರಾವಳಿಯ ಉತ್ತಮ ನೆಲೆಗಳಲ್ಲಿ ಒಂದು. ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷರು ಅಲ್ಲಿ ಮೆಣಸಿಗಾಗಿ ಕೋಠಿ ತೆರೆದಿದ್ದರು. ಉಗಿಹಡಗುಗಳು ಬಂದುದೂ ಸುಳ್ಳಲ್ಲ. 1862ರಿಂದ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಎಂಬ ಹೆಸರು ತಳೆದ ಸಂಸ್ಥೆ ಸರಕಾರದ ಟಪಾಲು ಗುತ್ತಿಗೆಯ ಬಲದಿಂದ ಕರಾವಳಿಯುದ್ದಕ್ಕೂ ಹಡಗು ಓಡಿಸಿತು. ಮುಂಬಯಿಯಿಂದ ಕೊಂಕಣದ ಬಂದರುಗಳನ್ನು ಮುಟ್ಟುತ್ತ ಬರುವ ಪ್ರಯಾಣಿಕರ ಹಡಗುಗಳೂ ಇದ್ದವು. ಜನ ಅದನ್ನು 'ಆಗಬೋಟು' ಎಂದು ಕರೆದರು. ಠಾಕೂರರು ಕಾರವಾರದಿಂದ ಮರಳುವಾಗ 'ಪ್ರಕೃತಿರ್ ಪ್ರತಿಶೋಧ'ದ ಕೆಲವು ಹಾಡುಗಳನ್ನು ಕಟ್ಟಿದ್ದು ಹಡಗಿನ ಅಟ್ಟದ ಮೇಲೆ ಕುಳಿತು. ಆದರೆ ಹಡಗು ಬಂದು ನಿಲ್ಲುವುದು ಬೇರೆ, ವ್ಯಾಪಾರ ಬಂದು ನೆಲೆಸುವುದು ಬೇರೆ. ನ್ಯಾಯಾಧೀಶರು, ಗುಮಾಸ್ತರು, ವಕೀಲರು, ಟಪಾಲಿನ ಚೀಲಗಳು ಕಾರವಾರದಲ್ಲಿ ಇಳಿದವು. ಹತ್ತಿಯ ದೊಡ್ಡ ವ್ಯಾಪಾರ ಅಲ್ಲಿ ಬೇರೂರಲಿಲ್ಲ. ಜಿಲ್ಲೆಯ ಕಚೇರಿ ಇರುವ ಊರಿಗೆ ಟಪಾಲು ಹಡಗು ಬರುವುದರಲ್ಲಿ ಬಂದರಿನ ಮಹಿಮೆ ಏನಿದೆ?

ಇನ್ನು ಅಂಕಿ-ಅಂಶಗಳ ಮಾತು. ಪ್ರಬಂಧಕಾರರು ಗೆಜೆಟಿಯರಿನ, ಸುಂಕದ ವರದಿಗಳ ಕೋಷ್ಟಕಗಳನ್ನು ಎತ್ತಿ ಬರೆದು, ಹಡಗುಗಳ ಟನ್ನು ಏರಿತು, ಆದ್ದರಿಂದ ವ್ಯಾಪಾರ ಏರಿತು ಎಂದು ತೀರ್ಮಾನಿಸುತ್ತಾರೆ. ಕೋಷ್ಟಕ ಏನನ್ನು ಎಣಿಸುತ್ತದೆ ಎಂದು ಕೇಳುವುದಿಲ್ಲ. ಹಡಗುಗಳ ಓಡಾಟದ ಲೆಕ್ಕದಲ್ಲಿ ದಾಖಲಾಗುವುದು ಹಡಗಿನ ಗಾತ್ರ, ಅದು ಆ ಬಂದರಿನಲ್ಲಿ ಇಳಿಸಿ ಏರಿಸಿದ ಸರಕಿನ ತೂಕವಲ್ಲ. ಸಾವಿರ ಟನ್ನಿನ ಉಗಿಹಡಗೊಂದು ಒಂದು ತಾಸು ಲಂಗರು ಹಾಕಿ, ನಾಲ್ಕು ಟಪಾಲು ಚೀಲ ಕೊಟ್ಟು, ಹತ್ತು ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋದರೂ ಓಡಾಟದ ಪಟ್ಟಿಯಲ್ಲಿ ಸಾವಿರ ಟನ್ನು. ಅದೇ ಹೊತ್ತಿಗೆ ಕುಮಟೆಯಿಂದ ಹೊರಟ ಐವತ್ತು ಟನ್ನಿನ ಪತ್ತೆಮಾರಿ ಅಂಚಿನವರೆಗೂ ಹತ್ತಿ ತುಂಬಿಕೊಂಡಿದ್ದರೂ ಐವತ್ತೇ. ಇಂಥ ಪಟ್ಟಿಯಲ್ಲಿ ಉಗಿ ಯಾವಾಗಲೂ ಗೆಲ್ಲುತ್ತದೆ. ಗೆಲ್ಲುವುದು ವ್ಯಾಪಾರದಿಂದಲ್ಲ, ಎಣಿಕೆಯ ರೀತಿಯಿಂದ.

ಇನ್ನೊಂದು ಕಣ್ಕಟ್ಟು ಇದಕ್ಕಿಂತ ಸೂಕ್ಷ್ಮವಾದುದು. ಸರಕಾರಿ ಲೆಕ್ಕದಲ್ಲಿ ಕರಾವಳಿ ವ್ಯಾಪಾರ ಮತ್ತು ವಿದೇಶ ವ್ಯಾಪಾರ ಎಂಬ ಎರಡು ಕಂತೆಗಳು. ಕುಮಟೆಯಲ್ಲಿ ಸಡಿಲವಾಗಿ ಕಟ್ಟಿದ ಹತ್ತಿಯ ಮೂಟೆ ಮುಂಬಯಿಗೆ ಹೋಗಿ, ಅಲ್ಲಿ ಯಂತ್ರದಲ್ಲಿ ಗಟ್ಟಿಯಾಗಿ ಒತ್ತಲ್ಪಟ್ಟು, ಬೇಲಾಗಿ, ಲಿವರ್‌ಪೂಲಿಗೆ ಹೊರಡುತ್ತಿತ್ತು. ಆದ್ದರಿಂದ ಕುಮಟೆಯ ಪಾಲಿಗೆ ಅದು ಬರೀ ಕರಾವಳಿಯ ಸಾಗಾಟ; ವಿದೇಶ ರಫ್ತಿನ ಕೀರ್ತಿಯೆಲ್ಲ ಮುಂಬಯಿಯದು. ಜಗತ್ತಿನ ಮಾರುಕಟ್ಟೆ ಹತ್ತಿಯನ್ನು ಕುಮಟೆಯ ಹೆಸರಿನಿಂದ ಕೊಳ್ಳುತ್ತಿದ್ದಾಗ ಸರಕಾರದ ಪುಸ್ತಕದಲ್ಲಿ ಕುಮಟೆ ವಿದೇಶ ವ್ಯಾಪಾರವೇ ಇಲ್ಲದ ಸಣ್ಣ ರೇವು. ಆ ಪುಸ್ತಕವನ್ನೇ ನಂಬಿ ಬರೆದ ಕನ್ನಡ ಪ್ರಬಂಧದಲ್ಲೂ ಅದು ಹಾಗೆಯೇ ಉಳಿಯಿತು.

ವರ್ತಕರು ಹತ್ತಿಯನ್ನು ಕಾರವಾರದಿಂದ ನೇರವಾಗಿ ಇಂಗ್ಲೆಂಡಿಗೆ ಕಳಿಸದೆ ಇದ್ದುದನ್ನು ಅಂದಿನ ಅಧಿಕಾರಿಗಳು ದೇಶೀಯರ ಜಡತೆ ಎಂದು ಬಗೆದರು. ಅದು ಜಡತೆಯಲ್ಲ, ವಿವೇಕ. ಹತ್ತಿ ಒತ್ತುವ ಯಂತ್ರಗಳು, ಬ್ಯಾಂಕು, ವಿಮೆ, ಹುಂಡಿಗೆ ಮರ್ಯಾದೆ ಕೊಡುವ ಪೇಢಿ ಎಲ್ಲವೂ ಮುಂಬಯಿಯಲ್ಲಿದ್ದವು. 1865ರಲ್ಲಿ ಇಂಗ್ಲೆಂಡಿಗೆ ತಂತಿ ಸಂಪರ್ಕ ಏರ್ಪಟ್ಟ ಮೇಲೆ ಲಿವರ್‌ಪೂಲಿನ ಬೆಲೆ ಮೊದಲು ತಿಳಿಯುವುದೂ ಅಲ್ಲಿಯೇ. ಮಳೆಗಾಲದಲ್ಲೂ ತೆರೆದ ಬಂದರೆಂಬ ದೊಡ್ಡ ವಾದಕ್ಕೂ ಘಟ್ಟದ ಮಳೆಯೇ ಉತ್ತರ. ಜವಾರಿ ಹತ್ತಿ ಬಿಡಿಸುವುದು ಮಾಘ-ಫಾಲ್ಗುಣ-ಚೈತ್ರಗಳಲ್ಲಿ. ಅದು ಮೃಗಶಿರ ಮಳೆಗೆ ಮುಂಚೆ ಘಟ್ಟ ಇಳಿದರೆ ಇಳಿಯಿತು. ಆಷಾಢದಲ್ಲಿ ಕಾರವಾರದ ಕೊಲ್ಲಿ ಎಷ್ಟೇ ಶಾಂತವಾಗಿರಲಿ, ಕೈಗಾ ಘಟ್ಟದಲ್ಲಿ ಗಾಡಿ ಇಳಿಯಲಾರದು. ಕಡಲು ತೆರೆದು ದಾರಿ ಮುಚ್ಚಿದ ಬಂದರನ್ನು ಯೋಜಿಸಿದವರಿಗಿಂತ ಗಾಡಿಯವನ ಪಂಚಾಂಗವೇ ಹೆಚ್ಚು ಬಲ್ಲದಾಗಿತ್ತು.

ಮೂರನೆಯ ಅಂಕ, ಮುರ್ಮಗೋವಾದ್ದು. 1878ರಲ್ಲಿ ಬ್ರಿಟನ್ನಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. ಅದರ ಫಲವಾಗಿ ಮುರ್ಮಗೋವಾದಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 82 ಕಿಲೋಮೀಟರಿನ ಮೀಟರ್‌ಗೇಜ್ ಹಳಿ ಬಿತ್ತು. 1888ರ ಹೊತ್ತಿಗೆ ಅದು ಘಟ್ಟದ ಮೇಲಿನ ಸದರ್ನ್ ಮರಾಠಾ ರೈಲ್ವೆಯ ಜಾಲಕ್ಕೆ ಕೂಡಿಕೊಂಡಿತು. ಕಾರವಾರ ಅಲ್ಲಿಗೆ ಸತ್ತಿತು ಎಂಬುದು ಕಥೆಯ ಕೊನೆ. ಆದರೆ ಕಾರವಾರ ಸಾಯಲಿಲ್ಲ. ಕಲೆಕ್ಟರ ಕಚೇರಿ, ನ್ಯಾಯಾಲಯ, ಖಜಾನೆಗಳು ಅಲ್ಲಿಯೇ ಇದ್ದವು. ಊರು ಕಚೇರಿಗಳ ಮೇಲೆ ಬದುಕಿತ್ತು, ಬದುಕಿಯೇ ಇತ್ತು. ಪೆಟ್ಟು ಬಿದ್ದದ್ದು ಕುಮಟೆಗೆ, ತದಡಿಗೆ, ಅಂಕೋಲೆಗೆ, ಹೊನ್ನಾವರಕ್ಕೆ. ದೇವಿಮನೆ ಘಟ್ಟದ ಗಾಡಿಯವರು, ಮೂಟೆ ಹೊರುವ ಹಮಾಲರು, ಪತ್ತೆಮಾರಿಯ ತಾಂಡೇಲ ಮತ್ತು ಖಲಾಸಿಗಳು, ಮುಂಗಡ ಕೊಟ್ಟ ಸಣ್ಣ ಸಾಹುಕಾರರು, ಹಾಯಿ ಹೊಲಿಯುವವರು, ಹಡಗಿನ ಬಡಗಿಗಳು ಕಳೆದುಕೊಂಡವರು ಇವರು. ಇವರ ಬಗ್ಗೆ ಒಂದು ಶೋಕಗೀತವೂ ನಮ್ಮಲ್ಲಿಲ್ಲ. ಬಾರದೆ ಇದ್ದ ಸಂಪತ್ತು ಕಳೆದುಹೋಯಿತೆಂದು ಕಾರವಾರಕ್ಕಾಗಿ ಅಳುವ ಗ್ರಂಥಗಳಿವೆ. ಇದ್ದ ಸಂಪತ್ತು ಕಳೆದುಕೊಂಡ ಕುಮಟೆಗಾಗಿ ಒಂದು ಅಧ್ಯಾಯವೂ ಸಿಕ್ಕುವುದಿಲ್ಲ.

ಹಾಗೆಂದು ಹಾಯಿಯ ಲೋಕವನ್ನು ಸುವರ್ಣಯುಗವನ್ನಾಗಿ ಚಿತ್ರಿಸಬೇಕಾಗಿಲ್ಲ. ಖಾರ್ವಿ, ಹರಿಕಾಂತ, ಗಾಬಿತ, ಅಂಬಿಗ, ನವಾಯತ ಹೀಗೆ ಹಲವು ಸಮುದಾಯಗಳ ದುಡಿಮೆಯ ಮೇಲೆ ನಿಂತಿದ್ದ ಆ ಲೋಕದಲ್ಲಿ ಸಾಲವಿತ್ತು, ಜಾತಿಯ ಮೇಲು-ಕೀಳಿತ್ತು, ಬಿರುಗಾಳಿಗೆ ಸಿಕ್ಕಿ ಮರಳದವರಿದ್ದರು. ಹೇಳಬೇಕಾದುದು ಇಷ್ಟೇ: 'ಉಗಿಹಡಗಿನ ಯುಗ' ಎಂಬ ಹಣೆಪಟ್ಟಿ ಈ ಕರಾವಳಿಗೆ ಹೊಂದುವುದಿಲ್ಲ. ಉಗಿ ಬಂದ ಮೇಲೆ ಹಾಯಿ ಮಾಯವಾಗಲಿಲ್ಲ. ಎರಡೂ ಬಹುಕಾಲ ಒಟ್ಟಿಗೆ ಬಾಳಿದವು. ಮಂಗಳೂರಿನ ಹೆಂಚನ್ನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲೂ ಪತ್ತೆಮಾರಿಗಳು ಒಯ್ಯುತ್ತಿದ್ದವು. ಯುಗಕ್ಕೆ ಯಂತ್ರದ ಹೆಸರಿಟ್ಟ ಕೂಡಲೇ ಯಂತ್ರವಿಲ್ಲದವರು ಆ ಯುಗದಲ್ಲಿ ಬದುಕಿಯೇ ಇರಲಿಲ್ಲವೆಂಬ ಭ್ರಮೆ ಹುಟ್ಟುತ್ತದೆ.

ಈ ಮಾತನ್ನು ಜೈನ ಅಧ್ಯಯನದ ಅಂಗಳದಲ್ಲಿ ಆಡುವಾಗ ಸ್ವಂತ ಮನೆಯ ಕಸವನ್ನೂ ನೋಡಿಕೊಳ್ಳಬೇಕು. ಇದೇ ಕರಾವಳಿಯ ಜೈನ ಚರಿತ್ರೆಯನ್ನು ಬರೆಯುವವರು ಗೇರುಸೊಪ್ಪೆಯ ಚತುರ್ಮುಖ ಬಸದಿ, ಹಾಡುವಳ್ಳಿಯ ಚಂದ್ರನಾಥ ಬಸದಿ, ಭಟ್ಕಳದ ಜಟ್ಟಪ್ಪ ನಾಯಕನ ಬಸದಿ ಇವುಗಳ ಮುಂದೆ ತಲೆಬಾಗುತ್ತಾರೆ. ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ಪೂರೈಸಿದುದನ್ನು ಅಭಿಮಾನದಿಂದ ಹೇಳುತ್ತಾರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯನ್ನು ಕೊಂಡಾಡುತ್ತಾರೆ. ಎಲ್ಲವೂ ಸರಿ. ಆ ಬಸದಿಗಳೂ ಆ ಶಾಸ್ತ್ರಗ್ರಂಥವೂ ಬಂದರಿನ ಸಂಪತ್ತಿನ ಮೇಲೆ ನಿಂತವು ಎಂಬುದನ್ನು ಕೂಡ ಒಪ್ಪುತ್ತಾರೆ. ಆದರೆ ರಾಣಿಯ ಪತನದೊಡನೆ ಅವರ ಲೇಖನಿ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಸದಿ ಕಟ್ಟಿದ ಅರಸರಿಲ್ಲ. ಆದ್ದರಿಂದ ಚರಿತ್ರೆಯೂ ಇಲ್ಲವೆಂಬ ನಿಲುವು ಇದು.

ಅದೇ ಶತಮಾನದಲ್ಲಿ ಧಾರವಾಡದ ಹತ್ತಿಯ ಬೆಲೆಯನ್ನು ಆಡಿಸಿದ ಮುಂಬಯಿ ಪೇಟೆಯ ಅಗ್ರಗಣ್ಯರಲ್ಲಿ ಒಬ್ಬ ಸೂರತ್ ಮೂಲದ ಜೈನ ಪ್ರೇಮಚಂದ ರಾಯಚಂದ. ಅಮೆರಿಕದ ಯುದ್ಧಕಾಲದ ಹತ್ತಿಯ ಹಣ ಶೇರುಗಳ ಹುಚ್ಚಿಗೆ ಹರಿದುದು, 1865ರಲ್ಲಿ ಅದು ಒಡೆದು ಆತನೂ ದಿವಾಳಿಯಾದುದು, ಆತ ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ಎದ್ದುದು ಇವೆಲ್ಲ ಮುಂಬಯಿಯ ಇತಿಹಾಸದಲ್ಲಿ ಪ್ರಸಿದ್ಧ. ಆ ಒಡೆತದ ಸದ್ದು ಎರೆಭೂಮಿಯ ರೈತನ ಅಂಗಳದಲ್ಲಿ, ಕುಮಟೆಯ ವಖಾರಿಯಲ್ಲಿ ಹೇಗೆ ಕೇಳಿಸಿತು ಎಂಬುದನ್ನು ಕನ್ನಡದಲ್ಲಿ ಯಾರೂ ಬರೆದಂತಿಲ್ಲ. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯುವ ಕಾಯಿದೆ ಮಾಡಿತು. ಅಂದಿನ ಕಡತಗಳು ವ್ಯಾಪಾರಿಗಳನ್ನು ವಂಚಕರ ಸಮೂಹದಂತೆ ಕಾಣುತ್ತವೆ. ಆ ಆರೋಪದಲ್ಲಿ ಎಷ್ಟು ನಿಜ, ಎಷ್ಟು ಗಿರಣಿ ಒಡೆಯರ ಅಸಹನೆ ಎಂದು ತೀರ್ಮಾನಿಸಲು ವ್ಯಾಪಾರಿಗಳ ಕಡೆಯ ಸಾಕ್ಷ್ಯ ಬೇಕು. ಅಪರಿಗ್ರಹದ ಮೇಲೆ ನೂರು ಲೇಖನ ಬರೆಯುವವರು ಒಂದು ಬಹಿಯನ್ನು ಬಿಚ್ಚಿ ಓದಿದ್ದರೆ, ವ್ರತಕ್ಕೂ ವ್ಯಾಪಾರಕ್ಕೂ ನಡುವೆ ಒಬ್ಬ ಶ್ರಾವಕ ಪಟ್ಟ ಇಕ್ಕಟ್ಟು ಏನೆಂದು ತಿಳಿಯುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಅಂಕೋಲೆಯ ದಿನಕರ ದೇಸಾಯಿಯವರನ್ನು ಕನ್ನಡ ಚುಟುಕಗಳ ಕವಿಯೆಂದು ಬಲ್ಲದು. ಅವರು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು; ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯ ಮೇಲೆ 'ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕವನ್ನು ಬರೆದರು. ಹಾಯಿ ಇಳಿಸಿದ ಕರಾವಳಿಯ ಮಕ್ಕಳು ಉಗಿಹಡಗಿನ ಬೆಂಕಿಗೂಡಿನಲ್ಲಿ, ಅಡುಗೆಮನೆಯಲ್ಲಿ, ಅಟ್ಟದ ಮೇಲೆ ಕೂಲಿಗಳಾದ ಕಥೆಯ ಮುಂದಿನ ಅಧ್ಯಾಯ ಅದು. ಅವರ ಚುಟುಕಗಳ ವ್ಯಂಗ್ಯವನ್ನು ವಿಶ್ಲೇಷಿಸುವ ಪ್ರಬಂಧಗಳು ಆ ಪುಸ್ತಕವನ್ನು ತೆರೆದು ನೋಡುವುದು ಅಪರೂಪ. ಕವಿಯ ಒಂದು ಕೈಯನ್ನು ಮಾತ್ರ ಓದಿ ಇನ್ನೊಂದನ್ನು ಬೇರೆ ವಿಭಾಗಕ್ಕೆ ಸೇರಿದ್ದೆಂದು ಬಿಟ್ಟುಬಿಡುವುದು ವಿಮರ್ಶೆಯಲ್ಲ. ಹನೇಹಳ್ಳಿಯಿಂದ ಮುಂಬಯಿಗೆ ಹೋದ ಯಶವಂತ ಚಿತ್ತಾಲರ ಲೋಕಕ್ಕೂ ಇದೇ ಮಾತು ಸಲ್ಲುತ್ತದೆ. ಹನೇಹಳ್ಳಿಗೂ ಮುಂಬಯಿಗೂ ನಡುವಿನ ದಾರಿಯನ್ನು ಚಿತ್ತಾಲರು ಕಲ್ಪಿಸಲಿಲ್ಲ. ಹತ್ತಿ, ಟಪಾಲು, ಪ್ರಾಂತದ ಗೆರೆ ಇವು ಅದನ್ನು ಮೊದಲೇ ಕಡಿದಿಟ್ಟಿದ್ದವು.

ಭಾಷೆಯೂ ಸಾಕ್ಷಿ ಹೇಳುತ್ತದೆ. ಅಧಿಕಾರದ 'ಚುಕ್ಕಾಣಿ' ಎಂದು ಪ್ರತಿದಿನ ಬರೆಯುವ ಪತ್ರಿಕೆಗಳಿಗೆ ಆ ಶಬ್ದ ಅರಬ್ಬೀ ನಾವಿಕರ ಮೂಲಕ ಬಂದುದೆಂಬ ನೆನಪಿಲ್ಲ. ಬಂದರು, ಖಲಾಸಿ, ತಾಂಡೇಲ, ಮಚವೆ, ಆಗಬೋಟು ಈ ಶಬ್ದಗಳು ಕರಾವಳಿಯ ಬಾಯಲ್ಲಿ ಸವೆದು ಉಳಿದಿವೆ. ಅವುಗಳನ್ನು ಇನ್ನೂ ಬಳಸುವ ಹಿರಿಯರು ಇರುವಾಗಲೇ ದಾಖಲಿಸುವ ಕೆಲಸ ಭಾಷಾ ವಿಭಾಗದ್ದಲ್ಲದೆ ಇನ್ನಾರದು? ವರ್ತಕ ಮನೆತನಗಳ ಅಟ್ಟ ಹತ್ತಿ ಲೆಕ್ಕದ ಪುಸ್ತಕಗಳನ್ನು ಹುಡುಕಬೇಕು. ಅವು ಕನ್ನಡದಲ್ಲಿರಲಿ, ಮೋಡಿಯಲ್ಲಿರಲಿ, ಗುಜರಾತಿಯಲ್ಲಿರಲಿ, ಓದಬಲ್ಲವರನ್ನು ಸಿದ್ಧಪಡಿಸಬೇಕು. ಹಳಗನ್ನಡದ ಓಲೆಗರಿಗೆ ಕೊಡುವ ಮರ್ಯಾದೆಯ ಹತ್ತನೆಯ ಒಂದು ಪಾಲನ್ನು ಹತ್ತಿಯ ಲೆಕ್ಕದ ಪುಸ್ತಕಕ್ಕೂ ಕೊಡಬೇಕು. ಕೋಷ್ಟಕವನ್ನು ಉಲ್ಲೇಖಿಸುವ ಮೊದಲು ಅದರ ತಲೆಬರಹವನ್ನಾದರೂ ಓದುವ ಶಿಸ್ತು ಬೇಕು.

ಇದು ಬರೀ ಪಾಂಡಿತ್ಯದ ಜಗಳವಲ್ಲ. 'ಕಳೆದುಹೋದ ಬಂದರು ವೈಭವವನ್ನು ಮರಳಿ ತರುತ್ತೇವೆ' ಎಂಬ ವಾಕ್ಯ ಇಂದಿಗೂ ಕರಾವಳಿಯ ವೇದಿಕೆಗಳಲ್ಲಿ ಕೇಳಿಬರುತ್ತದೆ. ನೌಕಾನೆಲೆಗಾಗಿ ಕಾರವಾರದ ಕಡಲಂಚಿನ ಹಲವು ಊರುಗಳು ಆಗಲೇ ಜಾಗ ಬಿಟ್ಟಿವೆ. 2020ರ ಜನವರಿಯಲ್ಲಿ ಬಂದರಿನ ವಿಸ್ತರಣೆಯನ್ನು ವಿರೋಧಿಸಿ ಮೀನುಗಾರರು ಬೀದಿಗಿಳಿದರು. ವಿಸ್ತರಣೆ ಬೇಕೆ ಬೇಡವೆ ಎಂಬುದನ್ನು ಇಂದಿನ ಆರ್ಥಿಕತೆ, ಇಂದಿನ ಸಮುದ್ರ, ಇಂದಿನ ಜನ ತೀರ್ಮಾನಿಸಲಿ. ಆದರೆ ಅದಕ್ಕೆ ಇತಿಹಾಸದ ಸಾಕ್ಷಿ ಕರೆಯುವವರು ಸುಳ್ಳು ಸಾಕ್ಷಿಯನ್ನು ಕರೆಯಬಾರದು. ಆ ವೈಭವ ಇದ್ದುದು ಅರ್ಜಿಗಳಲ್ಲಿ. ಮೀನುಗಾರರ ಹಳ್ಳಿಯಿಂದ ಕಥೆ ಆರಂಭಿಸಿ ಮೀನುಗಾರರನ್ನು ಮೊದಲ ಅಂಕದಲ್ಲೇ ರಂಗದಿಂದ ಇಳಿಸಿಬಿಟ್ಟ ನಮ್ಮ ಇತಿಹಾಸ ಬರಹ, ಅವರು ಇಂದು ಬೀದಿಗೆ ಬಂದಾಗ ಬೆರಗಾಗುತ್ತದೆ. ಅವರು ಎಲ್ಲಿಗೂ ಹೋಗಿರಲಿಲ್ಲ. ಕೋಷ್ಟಕದಲ್ಲಿ ಅವರಿಗೊಂದು ಅಂಕಣ ಇರಲಿಲ್ಲ, ಅಷ್ಟೇ.

ಮುಂದಿನ ಬಾರಿ ಉತ್ತರ ಕನ್ನಡದ ಕಡಲ ವ್ಯಾಪಾರದ ಮೇಲೆ ಪ್ರಬಂಧ ಬರೆಯಹೊರಡುವ ವಿದ್ಯಾರ್ಥಿ ಗೆಜೆಟಿಯರಿನ ಕಾರವಾರದ ಪುಟದಿಂದ ಆರಂಭಿಸದಿರಲಿ. ಜವಾರಿ ಹತ್ತಿಗೆ ಕುಮಟೆಯ ಹೆಸರು ಏಕೆ ಬಂತು ಎಂಬ ಪ್ರಶ್ನೆಯಿಂದ ಆರಂಭಿಸಲಿ. ಆ ಪ್ರಶ್ನೆ ಅವರನ್ನು ಘಟ್ಟ ಹತ್ತಿಸಿ ಎರೆಭೂಮಿಗೆ, ಹಡಗು ಹತ್ತಿಸಿ ಮುಂಬಯಿಗೆ, ಕೊನೆಗೆ 1862ರ ಗೆರೆಯ ಎರಡೂ ಬದಿಗೆ ಕರೆದೊಯ್ಯುತ್ತದೆ.